ಕೊನೆಯ ಸಾಲಿನಲ್ಲಿ ಕೂರುತ್ತಿದ್ದ ಯೂತ್ ಪಾಸ್ಟರ್

ಮೊದಲೇ ಹೇಳಿಬಿಡುತ್ತೇನೆ, ಅವರು ಬದುಕಿದ್ದಾರೆ. ಕಣ್ಣು ತುಸು ಮಂಜಾಗಿದೆ, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುತ್ತಾರೆ, ಉಳಿದಂತೆ ಗಟ್ಟಿಯಾಗಿಯೇ ಇದ್ದಾರೆ. ಇಂಥ ಬರಹ ಓದಲು ಕೂತವರು ಎರಡನೇ ಪ್ಯಾರಾದಲ್ಲಿ ಸಾವಿನ ಸುದ್ದಿ ಬರುತ್ತದೆಂದು ಮನಸ್ಸು ಕಲ್ಲು ಮಾಡಿಕೊಂಡಿರುತ್ತಾರೆ. ಅದು ಅವರ ತಪ್ಪಲ್ಲ. ಒಬ್ಬರಿಂದ ನಮಗೆ ಏನೇನು ಸಿಕ್ಕಿತು ಎಂಬ ಲೆಕ್ಕವನ್ನು, ಅವರ ಕಿವಿಗೆ ಬೀಳದ ಹೊತ್ತು ನೋಡಿಯೇ ಒಪ್ಪಿಸುವವರು ನಾವು. ನಾನು ಸ್ವಲ್ಪ ಬೇಗ ಶುರು ಮಾಡಿದ್ದೇನೆ, ಅಷ್ಟೆ.

ಅವರು ನನ್ನ ಯೂತ್ ಪಾಸ್ಟರ್ ಆಗಿದ್ದರು, ಅಂದರೆ ನಮ್ಮ ಚರ್ಚಿನ ಹದಿಹರೆಯದವರನ್ನು ನೋಡಿಕೊಳ್ಳುವ ಪಾದ್ರಿ. ಹೆಸರು ಹಾಕುವುದಿಲ್ಲ, ಹಾಕಿದರೆ ಬೈಯುತ್ತಾರೆ. ನಾವೆಲ್ಲ ಕರೆಯುತ್ತಿದ್ದುದು ‘ಅಣ್ಣ’ ಎಂದೇ. ಇಲ್ಲಿಯೂ ಹಾಗೇ ಇರಲಿ.

ಪ್ರಭಾವ ಎಂದಕೂಡಲೇ ಎಲ್ಲರೂ ನಿರೀಕ್ಷಿಸುವುದು ಬದುಕನ್ನೇ ತಿರುಗಿಸಿದ ಒಂದು ರಾತ್ರಿ, ಕಣ್ಣೀರಿನ ಒಂದು ಪ್ರಾರ್ಥನೆ, ಬೆಳಕು ಹೊಡೆದಂಥ ಒಂದು ಮಾತು. ನಂಬಿಕೆಗೆ ಬಂದ ಬಗೆಯನ್ನು ಚರ್ಚಿನಲ್ಲಿ ಎದ್ದು ನಿಂತು ಹೇಳುವ ನಮ್ಮ ‘ಸಾಕ್ಷಿ’ಯ ಕ್ರಮವೂ ಅದಕ್ಕೆ ತಕ್ಕಂತೆಯೇ ಇದೆ: ಮೊದಲು ಹೀಗಿದ್ದೆ, ಆಮೇಲೆ ಹೀಗಾದೆ, ನಡುವೆ ಒಂದು ದಿನಾಂಕ. ನನ್ನ ಹತ್ತಿರ ಅಂಥ ದಿನಾಂಕವಿಲ್ಲ. ಅಣ್ಣನಿಂದ ಬಂದದ್ದೇನು ಎಂದು ಹುಡುಕಿದರೆ ಸಿಗುವುದೆಲ್ಲ ಸಣ್ಣ ಸಣ್ಣ ಅಭ್ಯಾಸಗಳು. ಇನ್ನೊಬ್ಬರು ಮಾತಾಡುವಾಗ ಕೊನೆಯವರೆಗೂ ಕೇಳುವುದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು. ಹಣ ಎಣಿಸುವಾಗ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳುವುದು. ಕಿರಿಯರಿಗೆ ಕೆಲಸ ಕೊಟ್ಟಮೇಲೆ ಮಧ್ಯೆ ಬಾಯಿ ಹಾಕದೆ ಇರುವುದು. ಇವು ಯಾವುವೂ ಧರ್ಮಶಾಸ್ತ್ರವಲ್ಲ. ಆದರೆ ನನ್ನ ಮಟ್ಟಿಗೆ ಇವೆಲ್ಲ ಆ ಒಬ್ಬ ಮನುಷ್ಯನ ಬಳಿ ಕಲಿತವು.

ಯೂತ್ ಪಾಸ್ಟರ್ ಎಂಬ ಹುದ್ದೆ ಸಭೆಗಳಲ್ಲಿ (ಚರ್ಚಿನ ಸಮುದಾಯವನ್ನು ನಾವು ಸಭೆ ಎನ್ನುತ್ತೇವೆ) ಒಂದು ವಿಚಿತ್ರ ಜಾಗ. ಹೆತ್ತವರಿಗೆ ತಮ್ಮ ಮಕ್ಕಳು ಕೆಟ್ಟ ಸಹವಾಸದಿಂದ ದೂರ ಇದ್ದರೆ ಸಾಕು. ಸಭೆಯ ಹಿರಿಯರಿಗೆ ಹಾಲ್ ಸ್ವಚ್ಛವಾಗಿರಬೇಕು, ಗಿಟಾರ್ ಸದ್ದು ಕಡಿಮೆ ಇರಬೇಕು. ಹುಡುಗರಿಗೆ ಬೇಸರ ಆಗಬಾರದು. ಈ ಮೂವರನ್ನೂ ಒಟ್ಟಿಗೆ ಸಮಾಧಾನ ಮಾಡಬಲ್ಲವರು ಇನ್ನೂ ಹುಟ್ಟಿಲ್ಲ. ಮೇಲೆ, ಆ ಕೆಲಸವನ್ನು ಒಂದು ಮೆಟ್ಟಿಲು ಎಂದೇ ನೋಡುವ ಚಾಳಿ. ‘ನಿಜವಾದ ಪಾಸ್ಟರ್ ಯಾವಾಗ ಆಗ್ತೀರಿ?’ ಎಂದು ಹಿರಿಯರೊಬ್ಬರು ಅಣ್ಣನನ್ನು ನಮ್ಮೆದುರೇ ಕೇಳಿದ್ದರು, ಪ್ರೀತಿಯಿಂದಲೇ. ಅಣ್ಣ ನಕ್ಕು ಕುರ್ಚಿ ಮಡಚುತ್ತಾ ಹೋದರು. ನನಗೆ ಆ ಪ್ರಶ್ನೆ ಇಂದಿಗೂ ಸಿಟ್ಟು ತರಿಸುತ್ತದೆ. ಹದಿನಾರು ವರ್ಷದವರ ಆತ್ಮ ಐವತ್ತು ವರ್ಷದವರ ಆತ್ಮಕ್ಕಿಂತ ಕಡಿಮೆ ತೂಕದ್ದೆಂದು ಯಾರು ನಿರ್ಧರಿಸಿದರೋ.

ಈ ಕೆಲಸದ ಚರಿತ್ರೆ ಓದಿದ್ದು ಬಹಳ ಆಮೇಲೆ. ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದ ಪತ್ರಿಕೆಯೊಂದರ ಒಡೆಯ ರಾಬರ್ಟ್ ರೈಕ್ಸ್ 1780ರಲ್ಲಿ, ವಾರವಿಡೀ ದುಡಿಯುತ್ತಿದ್ದ ಬಡಮಕ್ಕಳಿಗೆ ಭಾನುವಾರ ಓದು ಕಲಿಸಲು ಹೊರಟ. 1844ರಲ್ಲಿ ಲಂಡನ್ನಿನ ಬಟ್ಟೆ ಅಂಗಡಿಯೊಂದರ ನೌಕರ ಜಾರ್ಜ್ ವಿಲಿಯಮ್ಸ್ ತನ್ನಂಥ ಕೆಲಸಗಾರ ಯುವಕರನ್ನು ಕಲೆಹಾಕಿ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘ ಕಟ್ಟಿದಾಗ ಅವನಿಗೆ ಬರೀ 22 ವರ್ಷ. ಇವರಿಬ್ಬರ ಹೆಸರು ಎಲ್ಲರೂ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದವನು ಮೂರನೆಯವನು, ಫ್ರಾನ್ಸಿಸ್ ಕ್ಲಾರ್ಕ್. ಅಮೆರಿಕದ ಮೇಯ್ನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಪಾಸ್ಟರ್ ಆಗಿದ್ದ ಆತ 1881ರ ಫೆಬ್ರವರಿಯಲ್ಲಿ ತನ್ನ ಮನೆಯಲ್ಲೇ ಸಭೆಯ ಯುವಜನರನ್ನು ಕೂರಿಸಿಕೊಂಡು ‘ಕ್ರಿಶ್ಚಿಯನ್ ಎಂಡೆವರ್’ ಎಂಬ ಸಂಘ ಆರಂಭಿಸಿದ. ಅದರ ಮೂಲ ಉಪಾಯ ಬಹಳ ಸರಳವಾದದ್ದು. ಯುವಜನರನ್ನು ರಂಜಿಸಬೇಡಿ, ಅವರಿಗೆ ಕೆಲಸ ಕೊಡಿ. ಸಮಿತಿಗಳನ್ನು ಅವರೇ ನಡೆಸಲಿ, ಪ್ರಾರ್ಥನಾ ಕೂಟದಲ್ಲಿ ಪ್ರತಿಯೊಬ್ಬರೂ ಬಾಯಿ ತೆರೆಯಲಿ, ಹಾಗೆಂದು ಅವರೇ ಪ್ರತಿಜ್ಞೆ ಮಾಡಲಿ. ಈ ಸಂಘ ಕೆಲವೇ ವರ್ಷಗಳಲ್ಲಿ ದೇಶದೇಶಗಳಿಗೆ ಹಬ್ಬಿತು.

ಅರವತ್ತು ವರ್ಷಗಳ ನಂತರ, 1941ರಲ್ಲಿ, ಟೆಕ್ಸಸ್‌ನಲ್ಲಿ ಜಿಮ್ ರೇಬರ್ನ್ ‘ಯಂಗ್ ಲೈಫ್’ ಎಂಬ ಸಂಸ್ಥೆ ಆರಂಭಿಸಿದಾಗ ಅದರ ಹಿಂದಿನ ಯೋಚನೆ ಇನ್ನೊಂದು: ಹುಡುಗರು ಚರ್ಚಿಗೆ ಬರಲಿ ಎಂದು ಕಾಯಬೇಡಿ, ಅವರು ಇರುವಲ್ಲಿಗೆ ನೀವೇ ಹೋಗಿ. ಕೆಲಸ ಕೊಡುವುದು, ಇರುವಲ್ಲಿಗೆ ಹೋಗುವುದು. ಅಣ್ಣ ಮಾಡಿದ್ದು ಈ ಎರಡನ್ನೇ. ಅವರು ಕ್ಲಾರ್ಕನನ್ನಾಗಲಿ ರೇಬರ್ನನನ್ನಾಗಲಿ ಓದಿಕೊಂಡಿದ್ದರು ಎಂದು ನನಗೆ ಅನಿಸುವುದಿಲ್ಲ. ಒಮ್ಮೆ ಕೇಳಿದ್ದಕ್ಕೆ, ‘ನಿಮ್ಮನ್ನೆಲ್ಲ ಸುಮ್ಮನೆ ಕೂರಿಸಿದರೆ ನೀವು ಗಲಾಟೆ ಮಾಡ್ತಿದ್ದಿರಿ, ಅದಕ್ಕೇ ಕೆಲಸ ಕೊಟ್ಟೆ’ ಎಂದರು. ಪೂರ್ತಿ ಸುಳ್ಳಲ್ಲ.

ಕೆಲಸ ಕೊಟ್ಟ ಬಗೆ ಹೇಳಬೇಕು. ಯೂತ್ ಮೀಟಿಂಗಿನ ಕಾಣಿಕೆ ಹಣದ ಲೆಕ್ಕದ ಪುಸ್ತಕ ನನ್ನ ಕೈಗೆ ಬಂದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಮನೆಯಲ್ಲಿ ನನಗೆ ಪೋಸ್ಟ್ ಹಾಕುವ ಕೆಲಸವನ್ನೂ ನಂಬಿ ಕೊಡುತ್ತಿರಲಿಲ್ಲ. ಅಣ್ಣ ಎರಡು ನಿಯಮ ಹೇಳಿದರು. ಒಬ್ಬರೇ ಎಣಿಸಬಾರದು. ಎಣಿಸಿದ ಇಬ್ಬರೂ ಅದೇ ದಿನ ಸಹಿ ಹಾಕಬೇಕು. ‘ನಿನ್ನ ಮೇಲೆ ಅನುಮಾನ ಅಂತಲ್ಲ. ನಾಳೆ ಯಾರಾದರೂ ಅನುಮಾನ ಪಟ್ಟರೆ ನಿನ್ನ ಪರವಾಗಿ ಈ ಪುಸ್ತಕ ಮಾತಾಡಬೇಕು.’ ಇಷ್ಟು ಹೇಳಿ ಎದ್ದು ಹೋದರು. ಪ್ರತಿ ವಾರ ಬಂದು ಇಣುಕಲಿಲ್ಲ. ತಿಂಗಳ ಕೊನೆಗೆ ಪುಟ ತಿರುವಿ, ಕೂಡಿಸಿದ್ದು ಸರಿಯಿದೆಯೇ ನೋಡಿ ತಾವೂ ಒಂದು ಸಹಿ ಹಾಕುತ್ತಿದ್ದರು. ನಂಬಿಕೆಗೂ ಲೆಕ್ಕಕ್ಕೂ ಜಗಳವಿಲ್ಲ ಎಂಬುದನ್ನು ಅಷ್ಟು ಚಿಕ್ಕ ವಯಸ್ಸಿನಲ್ಲಿ ಕಲಿಸಿದವರು ನನಗೆ ಬೇರೆ ಯಾರೂ ಇಲ್ಲ. ಮುಂದೆ ದೊಡ್ಡ ಸಂಸ್ಥೆಗಳಲ್ಲಿ ಕೆಲಸ ಮಾಡುವಾಗ ಈ ಎರಡರಲ್ಲಿ ಒಂದನ್ನು ಮಾತ್ರ ಬಲ್ಲ ಜನರನ್ನು ಬೇಕಾದಷ್ಟು ನೋಡಿದೆ.

ಮೀಟಿಂಗ್ ನಡೆಸುವ ಪಾಳಿ ಬಂದಾಗಲೂ ಹಾಗೇ. ಯಾರ ಪಾಳಿಯೋ ಅವರು ಮುಂದೆ ನಿಲ್ಲಬೇಕು, ಅಣ್ಣ ಹೋಗಿ ಕೊನೆಯ ಸಾಲಿನಲ್ಲಿ ಕೂರುತ್ತಿದ್ದರು. ನಾಲಗೆ ತಡವರಿಸಲಿ, ಹಾಡಿನ ಶ್ರುತಿ ತಪ್ಪಲಿ, ಪ್ರಾರ್ಥನೆಯ ನಡುವೆ ಯಾರಿಗಾದರೂ ನಗು ಬರಲಿ, ಅವರು ಎದ್ದು ಬಂದು ಸರಿಪಡಿಸಿದ್ದು ನಾನು ಕಂಡಿಲ್ಲ. ಮುಗಿದಮೇಲೆ ಎರಡು ಮಾತು ಮಾತ್ರ ಹೇಳುತ್ತಿದ್ದರು. ಒಂದು ಚೆನ್ನಾಗಿ ಆದದ್ದು, ಒಂದು ಮುಂದಿನ ಸಲ ಬದಲಿಸಬೇಕಾದದ್ದು. ಎರಡೂ ಬಹಳ ನಿರ್ದಿಷ್ಟವಾಗಿ ಇರುತ್ತಿದ್ದವು. ‘ಚೆನ್ನಾಗಿತ್ತು’ ಎಂದು ಅವರು ಹೇಳಿದ್ದೇ ಇಲ್ಲ. ‘ಯೋಬನ ಗೆಳೆಯರ ಬಗ್ಗೆ ಹೇಳಿ ಒಂದು ಕ್ಷಣ ನಿಲ್ಲಿಸಿದೆಯಲ್ಲ, ಆಗ ಎಲ್ಲರೂ ತಲೆ ಎತ್ತಿ ನೋಡಿದರು’ ಎನ್ನುತ್ತಿದ್ದರು. ‘ಕೊನೆಗೆ ಮೂರು ಸಲ ಮುಗಿಸಿದೆ. ಒಂದೇ ಸಲ ಮುಗಿಸು.’ ಈ ಬರಹವನ್ನು ಅವರು ಓದಿದರೂ ಬಹುಶಃ ಅದನ್ನೇ ಹೇಳುತ್ತಾರೆ.

ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳುವ ಯೋಬನ ಗೆಳೆಯರ ಮಾತು ಬಂತು. ಅದಕ್ಕೊಂದು ಹಿನ್ನೆಲೆ ಇದೆ. ನಮ್ಮ ಗುಂಪಿನ ಒಬ್ಬಳ ತಮ್ಮ ತೀರಿಕೊಂಡ ವರ್ಷ ಅದು. ಪುಟ್ಟ ಹುಡುಗ, ಎಲ್ಲರೂ ಪ್ರಾರ್ಥಿಸಿದ್ದೆವು, ಉಪವಾಸ ಇದ್ದೆವು. ಆಮೇಲೆ ಬಂದ ದೊಡ್ಡವರೆಲ್ಲ ಒಂದೊಂದು ವಾಕ್ಯ ಹೇಳಿ ಹೋದರು. ದೇವರಿಗೆ ಒಳ್ಳೆಯ ಹೂವೇ ಬೇಕಾಗಿತ್ತು ಎಂದರು, ಇದರ ಹಿಂದೆ ಯೋಜನೆ ಇದೆ ಎಂದರು. ಆ ವಾರದ ಮೀಟಿಂಗಿನಲ್ಲಿ ನಾನು ಅಣ್ಣನನ್ನು ನೇರವಾಗಿ ಕೇಳಿದೆ: ಯಾಕೆ? ಅವರು ಬಹಳ ಹೊತ್ತು ಸುಮ್ಮನಿದ್ದು ‘ನನಗೆ ಗೊತ್ತಿಲ್ಲ’ ಎಂದರು. ಆಮೇಲೆ ಬೈಬಲ್ ತೆಗೆದು 88ನೇ ಕೀರ್ತನೆಯನ್ನು ಓದಿಸಿದರು.

ಗೋಳಿನ ಕೀರ್ತನೆಗಳು ಬೈಬಲಿನಲ್ಲಿ ಬಹಳ ಇವೆ, ಆದರೆ ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ತಿರುವು ಬರುತ್ತದೆ, ‘ಆದರೂ ನಿನ್ನನ್ನು ಸ್ತುತಿಸುವೆನು’ ಎಂಬ ಸಾಲು. 88ರಲ್ಲಿ ಅದಿಲ್ಲ. ಹಗಲಿರುಳು ಮೊರೆಯಿಟ್ಟವನ ಮಾತು ಕತ್ತಲೆಯಲ್ಲೇ ಮುಗಿಯುತ್ತದೆ. ಓದಿ ಮುಗಿಸಿದ ಹುಡುಗ ಮುಂದಿನ ಪುಟ ತಿರುವಿ ನೋಡಿದ, ಇನ್ನೂ ಇದೆಯೇನೋ ಎಂದು. ‘ಇಲ್ಲ, ಅಷ್ಟೇ’ ಎಂದರು ಅಣ್ಣ. ‘ಇಂಥದ್ದನ್ನೂ ಪ್ರಾರ್ಥನೆ ಅಂತಲೇ ಇಟ್ಟುಕೊಂಡಿದ್ದಾರೆ. ಹಾಗಾಗಿ ನೀವು ಹೀಗೆ ಪ್ರಾರ್ಥಿಸಬಹುದು.’ ಯೋಬನ ಮೂವರು ಗೆಳೆಯರನ್ನೂ ಆ ದಿನವೇ ಪರಿಚಯಿಸಿದರು. ಆ ಮೂವರನ್ನು ಎಲ್ಲರೂ ಬೈಯುತ್ತಾರೆ, ಆದರೆ ಅವರು ಬಂದವರೇ ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಕೆಟ್ಟದ್ದು ಆಮೇಲೆ, ಬಾಯಿ ತೆರೆದಾಗ. ‘ಮೊದಲ ಏಳು ದಿನ ಅವರು ಒಳ್ಳೆಯ ಪಾಸ್ಟರ್‌ಗಳು’ ಎಂದು ಅಣ್ಣ ಹೇಳಿದ್ದು ನೆನಪಿದೆ. ತಮ್ಮನನ್ನು ಕಳೆದುಕೊಂಡ ಆ ಗೆಳತಿಯ ಮನೆಗೆ ಅವರು ತಿಂಗಳುಗಟ್ಟಲೆ ಹೋಗಿಬರುತ್ತಿದ್ದರು, ಹೆಂಡತಿಯ ಜೊತೆ. ಏನು ಮಾತಾಡುತ್ತಿದ್ದರು ಎಂದು ಅವಳನ್ನು ಈಚೆಗೆ ಕೇಳಿದೆ. ‘ಏನೂ ಇಲ್ಲ. ಅಪ್ಪನ ಜೊತೆ ಪೇಪರ್ ಓದ್ತಿದ್ದರು’ ಎಂದಳು.

ಹೆಂಡತಿಯ ಜೊತೆ ಎಂದು ಬರೆದೆ. ಇದು ಬೇಕೆಂದೇ ಬರೆದದ್ದು. ಯುವಜನರ ಮೇಲೆ ಇಷ್ಟು ಪ್ರಭಾವವಿರುವ ಹುದ್ದೆ ಅಪಾಯದ ಹುದ್ದೆಯೂ ಹೌದು. ದೇವರ ಹೆಸರು, ದೊಡ್ಡವರ ಅಧಿಕಾರ, ಎಳೆಯರ ಗುಟ್ಟು ಈ ಮೂರೂ ಒಂದೇ ಕೋಣೆಯಲ್ಲಿ ಸೇರಿದಾಗ ಏನೇನು ನಡೆಯಬಹುದು ಎಂಬುದಕ್ಕೆ ಲೋಕದ ನಾನಾ ಕಡೆಯ ಸಭೆಗಳು ಕಹಿ ಉತ್ತರ ಕೊಟ್ಟಿವೆ. ಅಣ್ಣ ನಮ್ಮಲ್ಲಿ ಒಬ್ಬೊಬ್ಬರ ಜೊತೆ ಮಾತಾಡುವಾಗ ಬಾಗಿಲು ತೆರೆದೇ ಇರುತ್ತಿತ್ತು. ಎಲ್ಲರಿಗೂ ಕಾಣುವ ಬೆಂಚಿನಲ್ಲಿ, ಆದರೆ ಯಾರಿಗೂ ಕೇಳಿಸದಷ್ಟು ದೂರದಲ್ಲಿ ಕೂರುತ್ತಿದ್ದರು. ‘ಇದನ್ನು ಮನೆಯಲ್ಲಿ ಹೇಳಬೇಡ’ ಎಂಬ ಮಾತು ಅವರ ಬಾಯಿಂದ ಬಂದದ್ದೇ ಇಲ್ಲ. ಅವರು ಯಾರಿಗೂ ಹೇಳಬಾರದೆಂದು ನಾವು ಕೇಳಿಕೊಂಡರೆ, ‘ನಿನಗೆ ಅಪಾಯ ಇದ್ದರೆ ಹೇಳಲೇಬೇಕಾಗುತ್ತದೆ, ಅದನ್ನು ಈಗಲೇ ತಿಳಿದುಕೊಂಡು ಮಾತಾಡು’ ಎನ್ನುತ್ತಿದ್ದರು. ಆಗ ಇದೆಲ್ಲ ಸ್ವಲ್ಪ ಅತಿಯಾಯಿತು ಅನಿಸುತ್ತಿತ್ತು. ಈಗ ನನಗೇ ಮಕ್ಕಳಿದ್ದಾರೆ. ಯಾರಾದರೂ ‘ಯುವಜನರ ಜೊತೆ ಬಹಳ ಚೆನ್ನಾಗಿ ಬೆರೆಯುತ್ತಾರೆ’ ಎಂದು ಹೊಗಳಿದರೆ, ಅವರ ಬಾಗಿಲು ತೆರೆದಿರುತ್ತದೆಯೇ ಎಂದು ಮೊದಲು ಕೇಳುತ್ತೇನೆ.

ನಮ್ಮ ಗುಂಪಿನಲ್ಲಿ ಒಬ್ಬನಿದ್ದ. ಹಾಡುಗಾರ, ಬುದ್ಧಿವಂತ, ಮಾತಿಗೆ ತಪ್ಪುವವ. ಎಲ್ಲವನ್ನೂ ಒಪ್ಪಿಕೊಂಡು ಅರ್ಧಕ್ಕೆ ಕೈಬಿಡುತ್ತಿದ್ದ. ಒಂದು ದೊಡ್ಡ ಶಿಬಿರದ ಹೊಣೆ ಹೊತ್ತು, ಹತ್ತಿರ ಬಂದಾಗ ಕಾಣೆಯಾದ. ಹಿರಿಯರು ಅವನನ್ನು ಇನ್ನು ಯಾವುದಕ್ಕೂ ಸೇರಿಸಬಾರದು ಎಂದು ತೀರ್ಮಾನಿಸಿದರು, ನಾವೂ ಹೌದೆಂದೆವು. ಅಣ್ಣ ಒಪ್ಪಲಿಲ್ಲ. ಅವನ ತಪ್ಪನ್ನು ಮುಚ್ಚಿಹಾಕಲೂ ಇಲ್ಲ. ಅವನು ಮಾಡದ ಕೆಲಸ ಯಾರ ಹೆಗಲ ಮೇಲೆ ಬಿತ್ತೋ ಅವರ ಮುಂದೆ ಅವನೇ ಹೋಗಿ ಕ್ಷಮೆ ಕೇಳುವಂತೆ ಮಾಡಿದರು. ಆಮೇಲೆ ಮತ್ತೆ ಕೆಲಸ ಕೊಟ್ಟರು, ಈ ಸಲ ಚಿಕ್ಕದು.

ಆ ಹೊತ್ತಿನಲ್ಲಿ ಅವರು ನಮಗೆ ಓದಲು ಹೇಳಿದ್ದು ಯೇಸುವಿನ ಮೊದಲ ತಲೆಮಾರಿನ ಅನುಯಾಯಿಗಳಲ್ಲಿ ಒಬ್ಬನಾದ ಬಾರ್ನಬನ ಕಥೆ. ನನ್ನ ಪ್ರಕಾರ ಬೈಬಲಿನಲ್ಲಿ ಮಾರ್ಗದರ್ಶಕ ಎಂದರೆ ಅವನೇ, ಪೌಲನಿಗಿಂತ ಮೊದಲು. ಸಭೆಯನ್ನು ಹಿಂಸಿಸಿದ್ದ ಪೌಲ ಮನಸ್ಸು ತಿರುಗಿ ಯೆರೂಸಲೇಮಿಗೆ ಬಂದಾಗ ಶಿಷ್ಯರೆಲ್ಲ ಅವನಿಗೆ ಹೆದರಿ ದೂರ ನಿಂತರು. ಅವನನ್ನು ಕೈಹಿಡಿದು ಮುಖ್ಯ ಶಿಷ್ಯರಾದ ಅಪೊಸ್ತಲರ ಬಳಿಗೆ ಕರೆದೊಯ್ದವನು ಬಾರ್ನಬ. ಮುಂದೆ ಅಂತಿಯೋಕ್ಯದಲ್ಲಿ ಕೆಲಸ ಹೆಚ್ಚಾದಾಗ ತಾರ್ಸಕ್ಕೆ ಹೋಗಿ ಪೌಲನನ್ನು ಹುಡುಕಿ ಕರೆತಂದವನೂ ಅವನೇ. ಈ ಕಥೆ ಹೇಳುವ ‘ಅಪೊಸ್ತಲರ ಕೃತ್ಯಗಳು’ ಎಂಬ ಬೈಬಲ್ ಪುಸ್ತಕದಲ್ಲಿ ಮೊದಮೊದಲು ‘ಬಾರ್ನಬ ಮತ್ತು ಸೌಲ’ (ಸೌಲ ಎಂಬುದು ಪೌಲನ ಇನ್ನೊಂದು ಹೆಸರು) ಎಂದು ಬರುವ ಹೆಸರುಗಳು ಬರಬರುತ್ತಾ ‘ಪೌಲ ಮತ್ತು ಬಾರ್ನಬ’ ಆಗುತ್ತವೆ. ತಾನು ಕರೆತಂದವನ ಹೆಸರು ತನ್ನ ಹೆಸರಿಗಿಂತ ಮುಂದೆ ಬಂದದ್ದಕ್ಕೆ ಬಾರ್ನಬ ಮುಖ ಸಿಂಡರಿಸಿದ ಎಂದು ಆ ಪುಸ್ತಕದ ಲೇಖಕ ಲೂಕ ಎಲ್ಲಿಯೂ ಬರೆದಿಲ್ಲ.

ಅವರಿಬ್ಬರೂ ಜಗಳವಾಡಿದ್ದು ಒಬ್ಬ ಹುಡುಗನ ವಿಷಯಕ್ಕೆ. ಸುವಾರ್ತೆ ಸಾರುವ ಮೊದಲ ಪ್ರಯಾಣದಲ್ಲಿ ಪಂಫುಲ್ಯ ಎಂಬ ಪ್ರಾಂತ್ಯದಲ್ಲಿ ಅರ್ಧಕ್ಕೇ ಬಿಟ್ಟುಹೋಗಿದ್ದ ಮಾರ್ಕನನ್ನು ಮತ್ತೆ ಕರೆದುಕೊಂಡು ಹೋಗಬೇಕೆಂದು ಬಾರ್ನಬ, ಕೂಡದೆಂದು ಪೌಲ. ಮಾತು ಎಷ್ಟು ಬಿಸಿಯೇರಿತೆಂದರೆ ಇಬ್ಬರೂ ಬೇರೆಯಾದರು. ಪೌಲ ಸೀಲನನ್ನು ಕರೆದುಕೊಂಡು ಹೊರಟ, ಬಾರ್ನಬ ಮಾರ್ಕನನ್ನು ಕರೆದುಕೊಂಡು ಹಡಗು ಹತ್ತಿದ. ಅಲ್ಲಿಂದ ಮುಂದೆ ಅಪೊಸ್ತಲರ ಕೃತ್ಯಗಳಲ್ಲಿ ಬಾರ್ನಬ ಕಾಣಿಸಿಕೊಳ್ಳುವುದೇ ಇಲ್ಲ. ಕಥೆ ಪೌಲನ ಹಿಂದೆ ಹೋಗುತ್ತದೆ. ಆದರೆ ತನ್ನ ಕಿರಿಯ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ, ಸೆರೆಯಲ್ಲಿದ್ದ ಪೌಲ ಬರೆಯುತ್ತಾನೆ: ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು. ಮಧ್ಯದ ವರ್ಷಗಳಲ್ಲಿ ಮಾರ್ಕನೊಳಗೆ ಏನಾಯಿತು ಎಂಬುದನ್ನು ಯಾರೂ ಬರೆದಿಡಲಿಲ್ಲ. ಬಾರ್ನಬನ ಕೆಲಸವೆಲ್ಲ ಆ ಬರೆಯದ ಪುಟಗಳಲ್ಲಿದೆ. ಸಭೆಯ ಪರಂಪರೆ ಎರಡನೇ ಸುವಾರ್ತೆಯನ್ನು ಮಾರ್ಕನದೆಂದು ಹೇಳುತ್ತದೆ. ಅರ್ಧಕ್ಕೆ ಬಿಟ್ಟುಹೋದವನ ಹೆಸರಲ್ಲಿ ಒಂದು ಸುವಾರ್ತೆ!

ನಮ್ಮ ಹಾಡುಗಾರ ಏನಾದ ಎಂದು ಕೇಳುತ್ತೀರಿ. ಸುವಾರ್ತೆಯನ್ನೇನೂ ಬರೆಯಲಿಲ್ಲ. ಮತ್ತೆ ಎರಡು ಬಾರಿ ಕೈಕೊಟ್ಟ. ಈಗ ಮಕ್ಕಳಿಗೆ ಸಂಗೀತ ಕಲಿಸುತ್ತಾನೆ, ಹೊತ್ತಿಗೆ ಸರಿಯಾಗಿ ಬರುತ್ತಾನೆ ಎಂದು ಕೇಳಿದ್ದೇನೆ.

ಪ್ರೌಢರ ಒಡನಾಟ ಮಕ್ಕಳ ಬದುಕಿನಲ್ಲಿ ಏನು ಮಾಡುತ್ತದೆ ಎಂಬುದರ ಬಗ್ಗೆ ಸಂಶೋಧಕರೂ ಬಹಳ ತಲೆಕೆಡಿಸಿಕೊಂಡಿದ್ದಾರೆ. ಹವಾಯಿಯ ಕೌವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಶಿಶುಗಳನ್ನು ಎಮಿ ವೆರ್ನರ್ ಮತ್ತು ಸಂಗಡಿಗರು ನಡುವಯಸ್ಸಿನವರೆಗೂ ಹಿಂಬಾಲಿಸಿದರು. ಅವರಲ್ಲಿ ಸುಮಾರು ಮೂರನೇ ಒಂದು ಭಾಗ ಬಡತನ, ಮನೆಯ ಕಲಹ, ಹೆತ್ತವರ ಕಾಯಿಲೆ ಇಂಥವುಗಳ ನಡುವೆ ಬೆಳೆದವರು. ಆ ಕಷ್ಟದ ಗುಂಪಿನಲ್ಲೂ ಮೂವರಲ್ಲಿ ಒಬ್ಬರು ಆತ್ಮವಿಶ್ವಾಸವುಳ್ಳ, ಬೇರೆಯವರನ್ನು ನೋಡಿಕೊಳ್ಳಬಲ್ಲ ದೊಡ್ಡವರಾಗಿ ಬೆಳೆದರು. ಅವರಿಗೆ ಒದಗಿ ಬಂದದ್ದು ಏನು ಎಂದು ನೋಡಿದಾಗ ಸಿಕ್ಕ ಕಾರಣಗಳಲ್ಲಿ ಒಂದು, ಹೆತ್ತವರಲ್ಲದೆ ಬೇರೊಬ್ಬ ಹಿರಿಯರ ಗಟ್ಟಿ ಸಂಬಂಧ. ಅಜ್ಜಿಯೋ, ಶಿಕ್ಷಕರೋ, ನೆರೆಯವರೋ, ಚರ್ಚಿನ ಪಾಸ್ಟರೋ.

ಇದು ಕೇಳಲು ಹಿತವಾದ ಭಾಗ. ಅಷ್ಟು ಹಿತವಲ್ಲದ್ದು 2002ರಲ್ಲಿ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಪ್ರಕಟಿಸಿದ ಅಧ್ಯಯನ. ಅಮೆರಿಕದ ಹೆಸರಾಂತ ಸಂಸ್ಥೆಯೊಂದರ ಮೂಲಕ ಮಾರ್ಗದರ್ಶಕರನ್ನು ಪಡೆದ ಮಕ್ಕಳನ್ನು ಅವರು ನೋಡಿದರು. ಸಂಬಂಧ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಉಳಿದವರಿಗೆ ಹೆಚ್ಚು ಪ್ರಯೋಜನ ಕಂಡಿತು. ಮೂರು ತಿಂಗಳೊಳಗೆ ಕೊನೆಗೊಂಡವರಲ್ಲಿ ತಮ್ಮ ಬಗ್ಗೆ ತಮಗಿದ್ದ ಗೌರವವೇ ಮೊದಲಿಗಿಂತ ಕುಸಿದಿತ್ತು. ಅಂದರೆ ಬಂದು ಬೇಗ ಹೋಗುವ ಮಾರ್ಗದರ್ಶಕ ಇಲ್ಲದ್ದಕ್ಕಿಂತ ಕೆಟ್ಟದ್ದಾಗಬಹುದು. ಯೂತ್ ಪಾಸ್ಟರ್ ಹುದ್ದೆಯನ್ನು ಮೆಟ್ಟಿಲು ಎಂದುಕೊಳ್ಳುವ ಸಭೆಗಳು ಗೋಡೆಗೆ ಅಂಟಿಸಿಕೊಳ್ಳಬೇಕಾದ ಮಾತಿದು. ಎರಡು ವರ್ಷಕ್ಕೊಬ್ಬ ಉತ್ಸಾಹಿ ಬರುತ್ತಾನೆ, ಹುಡುಗರ ಹೃದಯ ಗೆಲ್ಲುತ್ತಾನೆ, ಒಂದು ಭಾನುವಾರ ಹಾರ ಹಾಕಿಸಿಕೊಂಡು ಹೊರಟುಹೋಗುತ್ತಾನೆ. ಹೃದಯ ಗೆಲ್ಲದಿದ್ದರೆ ಎಷ್ಟೋ ವಾಸಿ ಇತ್ತು.

ಅಣ್ಣ ಉಳಿದರು. ನನ್ನ ಓದು ಮುಗಿಯುವವರೆಗೂ ಅವರೇ ಇದ್ದರು. ಕೊನೆಗೆ ಬೇರೆ ಹೊಣೆಗೆ ಹೋಗಬೇಕಾದಾಗ ಅರ್ಧ ವರ್ಷ ಮೊದಲೇ ಹೇಳಿದರು. ಹೊಸಬರನ್ನು ಕರೆತಂದು ತಿಂಗಳುಗಳ ಕಾಲ ಜೊತೆಗೇ ಕೂರಿಸಿಕೊಂಡು, ಒಬ್ಬೊಬ್ಬರ ಹೆಸರು ಹೇಳಿ ಪರಿಚಯಿಸಿದರು. ಅವರ ಹಳೆಯ ಡೈರಿಯ ಹಿಂದಿನ ಪುಟಗಳಲ್ಲಿ ನಮ್ಮೆಲ್ಲರ ಹೆಸರು, ಪರೀಕ್ಷೆಯ ದಿನಗಳು, ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಯಾರನ್ನು ಏನು ಕೇಳಬೇಕು ಎಂಬ ಟಿಪ್ಪಣಿಗಳಿದ್ದವು. ನಾವೆಲ್ಲ ಅವರ ನೆನಪಿನ ಶಕ್ತಿಗೆ ಬೆರಗಾಗುತ್ತಿದ್ದೆವು. ಡೈರಿ ನೋಡಿದ ಮೇಲೆ ಗೊತ್ತಾಯಿತು, ಅವರ ನೆನಪು ನಮ್ಮಷ್ಟೇ ಸಾಧಾರಣ. ಬರೆದಿಟ್ಟುಕೊಳ್ಳುವ ತೊಂದರೆ ತೆಗೆದುಕೊಂಡಿದ್ದರು. ಇದು ನನ್ನ ಕಣ್ಣಲ್ಲಿ ಅವರನ್ನು ಇನ್ನೂ ದೊಡ್ಡವರನ್ನಾಗಿ ಮಾಡಿತು. ಹುಟ್ಟಿನಿಂದ ಬರುವ ನೆನಪಿನ ಶಕ್ತಿಗೆ ನಾನು ಋಣಿಯಾಗಬೇಕಿಲ್ಲ. ರಾತ್ರಿ ಕೂತು ನನ್ನ ಗಣಿತ ಪರೀಕ್ಷೆಯ ತಾರೀಖು ಬರೆದುಕೊಂಡವರಿಗೆ ಆಗಬೇಕು.

ಮುಂದೆ ನಾನು ಸಭೆಯಿಂದ ದೂರವಾದೆ. ಜಗಳವೇನಿಲ್ಲ. ಪ್ರಶ್ನೆಗಳು ಹೆಚ್ಚಾದವು, ಹಾಡುಗಳು ಬಾಯಿಗೆ ಬರದಾದವು. ಹಳೆಯ ಗುಂಪಿನವರಲ್ಲಿ ಕೆಲವರು ಫೋನ್ ಮಾಡಿ ಕಾಳಜಿ ತೋರಿದರು. ಅದರಲ್ಲಿ ಪ್ರತಿ ಸಲವೂ ಒಂದು ಕೊಕ್ಕೆ ಇರುತ್ತಿತ್ತು, ಮಾತು ಎಲ್ಲಿ ಶುರುವಾದರೂ ಭಾನುವಾರಕ್ಕೆ ಬಂದು ನಿಲ್ಲುತ್ತಿತ್ತು. ಅಣ್ಣನ ಫೋನ್‌ಗಳಲ್ಲಿ ಭಾನುವಾರ ಬರುತ್ತಿರಲಿಲ್ಲ. ಕೆಲಸ ಹೇಗಿದೆ, ಏನು ಓದುತ್ತಿದ್ದೀ, ಅಮ್ಮನ ಮಂಡಿ ನೋವು ಹೇಗಿದೆ. ಕೊನೆಗೆ ‘ನಿನಗಾಗಿ ಪ್ರಾರ್ಥನೆ ಮಾಡಲೇ?’ ಎಂದು ಕೇಳುತ್ತಿದ್ದರು. ಬೇಡ ಎಂದರೆ ‘ಸರಿ’ ಎಂದು ಇಡುತ್ತಿದ್ದರು. ಬಹುಶಃ ಇಟ್ಟಮೇಲೆ ಮಾಡುತ್ತಿದ್ದರು, ಅದು ಅವರ ಮತ್ತು ಅವರ ದೇವರ ನಡುವಿನ ಮಾತು.

ಒಮ್ಮೆ ನಾನೇ ಕೆಣಕಿದೆ. ಇಷ್ಟು ವರ್ಷ ನನ್ನ ಮೇಲೆ ಸುರಿದದ್ದು ವ್ಯರ್ಥವಾಯಿತು ಅನಿಸುವುದಿಲ್ಲವೇ ಎಂದು. ಅವರು ಸ್ವಲ್ಪ ರೇಗಿದರು, ನಾನು ಕಂಡ ಕೆಲವೇ ರೇಗುವಿಕೆಗಳಲ್ಲಿ ಅದೊಂದು. ‘ನೀನೇನು ನನ್ನ ಪ್ರಾಜೆಕ್ಟಾ?’ ಎಂದರು.

ಆಮೇಲೆ ನಾನು ಮರಳಿದೆ, ಬೇರೊಂದು ದಾರಿಯಿಂದ, ಬೇರೊಂದು ಬಗೆಯ ನಂಬಿಕೆಯೊಂದಿಗೆ. ಅಣ್ಣ ಖಡಾಖಂಡಿತವಾಗಿ ನಂಬುವ ಕೆಲವು ಸಂಗತಿಗಳನ್ನು ನಾನು ಹಾಗೆ ನಂಬುವುದಿಲ್ಲ. ಸ್ತ್ರೀಯರು ಚರ್ಚಿನಲ್ಲಿ ಪ್ರಸಂಗ, ಅಂದರೆ ಪ್ರವಚನ, ಮಾಡುವ ವಿಷಯದಲ್ಲಿ ನಮ್ಮಿಬ್ಬರ ವಾದ ಇನ್ನೂ ಮುಗಿದಿಲ್ಲ. ನಾನು ಬೈಬಲಿನ ಪ್ರಿಸ್ಕಿಲ್ಲ ಎಂಬ ಹೆಂಗಸನ್ನು ತರುತ್ತೇನೆ. ಅಪೊಲ್ಲೋಸನಂಥ ವಾಗ್ಮಿಗೆ ಮಾರ್ಗವನ್ನು ಇನ್ನಷ್ಟು ಸರಿಯಾಗಿ ವಿವರಿಸಿದವರಲ್ಲಿ ಅವಳಿದ್ದಳಲ್ಲ ಎನ್ನುತ್ತೇನೆ. ಅವರು ‘ಅದು ಮನೆಯಲ್ಲಿ’ ಎನ್ನುತ್ತಾರೆ. ಆಗ ಸಭೆಗಳೂ ಮನೆಯಲ್ಲೇ ಸೇರುತ್ತಿದ್ದವಲ್ಲ ಎಂದು ನಾನು. ಫೋನ್ ಬಿಸಿಯಾಗುವವರೆಗೂ ಹೀಗೇ. ಹದಿಹರೆಯದಲ್ಲಿ ನಮಗೆ ವಾದ ಮಾಡಲು ಕಲಿಸಿದವರು ಅವರೇ, ಈಗ ಅನುಭವಿಸಲಿ. ಮಾರ್ಗದರ್ಶಕರನ್ನು ಒಪ್ಪದೆ ಇರುವ ಸ್ವಾತಂತ್ರ್ಯವೂ ಅವರಿಂದಲೇ ಬಂದಿರುತ್ತದೆ, ಅವರು ಒಳ್ಳೆಯವರಾಗಿದ್ದರೆ. ತಮ್ಮ ನೆರಳಿನಂತೆ ನಡೆಯುವವರನ್ನು ಬೆಳೆಸುವವರೂ ಇದ್ದಾರೆ. ಅವರ ಸುತ್ತ ಜನ ಹೆಚ್ಚಿರುತ್ತಾರೆ.

ಕೃತಜ್ಞತೆಯ ಮಾತು ಬಂದಾಗ ಪ್ರಸಂಗಗಳಲ್ಲಿ ತಪ್ಪದೆ ಬರುವುದು ಲೂಕನ ಸುವಾರ್ತೆಯ ಹತ್ತು ಮಂದಿ ಕುಷ್ಠರೋಗಿಗಳು. ಹತ್ತೂ ಮಂದಿ ಗುಣವಾದರು, ಹಿಂದಿರುಗಿ ಬಂದವನು ಒಬ್ಬನೇ, ಅವನೂ ಯೆಹೂದ್ಯರು ಹೊರಗಿನವನೆಂದು ದೂರವಿಡುತ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿಯನ್ನು ಬೈಯುವುದು ವಾಡಿಕೆ. ನನಗೆ ಅವರ ಮೇಲೆ ಸ್ವಲ್ಪ ಕರುಣೆ ಇದೆ. ಯಾಜಕರ ಬಳಿಗೆ ಹೋಗಿ ತೋರಿಸಿಕೊಳ್ಳಿರಿ ಎಂದು ಯೇಸುವೇ ಹೇಳಿದ್ದ, ಅವರು ಹೋದರು. ಎಷ್ಟೋ ವರ್ಷ ದೂರವಿಟ್ಟಿದ್ದ ಮನೆಮಂದಿಯನ್ನು ಕಾಣುವ ಆತುರವೂ ಇದ್ದಿರಬೇಕು. ಅಣ್ಣನ ಗುಂಪಿನಿಂದ ಹೊರಬಂದ ನಮ್ಮಲ್ಲಿ ಬಹುಪಾಲು ಜನ ಆ ಒಂಬತ್ತರಂಥವರು, ಕೆಟ್ಟವರಲ್ಲ, ಹೇಳಿದ ದಾರಿಯಲ್ಲೇ ಹೋಗುತ್ತಿರುವವರು. ಮರೆತದ್ದಲ್ಲ, ಹೊತ್ತು ಸಿಗಲಿಲ್ಲ.

ನನಗೆ ಅದಕ್ಕಿಂತ ಹತ್ತಿರವಾಗಿ ಕಾಣುವುದು ತಿಮೊಥೆಯನಿಗೆ ಬರೆದ ಅದೇ ಎರಡನೇ ಪತ್ರ. ಅದರಲ್ಲಿ ಉಪದೇಶ ಬೇಕಾದಷ್ಟಿದೆ, ಓಟವನ್ನು ಮುಗಿಸಿದ್ದೇನೆ ಎಂಬ ಭವ್ಯವಾದ ಸಾಲೂ ಇದೆ. ಆಮೇಲೆ ಇದ್ದಕ್ಕಿದ್ದಂತೆ ಪೌಲ ಸಾಮಾನಿನ ಪಟ್ಟಿಗೆ ಇಳಿಯುತ್ತಾನೆ. ತ್ರೋವದಲ್ಲಿ ಕರ್ಪನ ಬಳಿ ಬಿಟ್ಟುಬಂದ ಮೇಲಂಗಿ ತಾ. ಪುಸ್ತಕಗಳನ್ನು ತಾ, ಮುಖ್ಯವಾಗಿ ಚರ್ಮದ ಸುರುಳಿಗಳನ್ನು. ಚಳಿಗಾಲಕ್ಕೆ ಮೊದಲೇ ಬರಲು ಪ್ರಯತ್ನ ಮಾಡು. ಅವನಿಗೆ ಚಳಿಯಾಗುತ್ತಿತ್ತು, ಓದಲು ಏನೂ ಇರಲಿಲ್ಲ. ಮಗನಂತೆ ಬೆಳೆಸಿದವನ ಹತ್ತಿರ ಅದನ್ನು ಕೇಳಲು ಅವನಿಗೆ ಸಂಕೋಚವಾಗಲಿಲ್ಲ. ಹದಿಹರೆಯದಲ್ಲಿ ಈ ಸಾಲುಗಳನ್ನು ನಾವು ಹಾರಿಸಿ ಓದುತ್ತಿದ್ದೆವು, ಕಂಠಪಾಠಕ್ಕೆ ಬರುವ ಭಾಗವಲ್ಲ ಎಂದು.

ಹೋದ ವಾರ ಅಣ್ಣ ಫೋನ್ ಮಾಡಿದ್ದರು. ಇಷ್ಟು ವರ್ಷಗಳಲ್ಲಿ ಅವರು ನನ್ನಿಂದ ಏನನ್ನೂ ಕೇಳಿದ್ದು ನೆನಪಿಲ್ಲ. ಈ ಸಲ ಕೇಳಿದರು, ಸುತ್ತಿ ಬಳಸಿ. ರಾತ್ರಿ ಓದಲು ಆಗುತ್ತಿಲ್ಲವಂತೆ. ಮೇಜಿನ ಮೇಲಿಡುವ, ಕುತ್ತಿಗೆ ಬಾಗಿಸಬಹುದಾದ ದೀಪ ಒಂದು ಬೇಕು. ದೊಡ್ಡ ಅಕ್ಷರದ ಬೈಬಲ್ ಯಾರೋ ಕೊಟ್ಟಿದ್ದಾರೆ, ಆದರೆ ಅದು ಎತ್ತಲಾರದಷ್ಟು ಭಾರ, ಫೋನಿನಲ್ಲೇ ಅಕ್ಷರ ದೊಡ್ಡದು ಮಾಡುವುದು ಹೇಗೆಂದು ಯಾರಾದರೂ ತೋರಿಸಿದರೆ ಒಳ್ಳೆಯದು. ‘ನಿನಗೆ ಪುರುಸೊತ್ತಿದ್ದರೆ ಮಾತ್ರ’ ಎಂದು ಮೂರು ಸಲ ಹೇಳಿದರು.

ಶನಿವಾರ ಹೋಗುತ್ತಿದ್ದೇನೆ. ದೀಪ ತಂದಾಗಿದೆ. ಫೋನ್ ಅವರದ್ದು ಬಹಳ ಹಳೆಯ ಮಾದರಿ, ಸೆಟ್ಟಿಂಗ್ಸ್ ಎಲ್ಲಿ ಅಡಗಿದೆಯೋ ಅಲ್ಲಿಗೆ ಹೋಗಿಯೇ ಹುಡುಕಬೇಕು. ಪ್ರಿಸ್ಕಿಲ್ಲಳ ಬಗ್ಗೆ ಹೊಸದಾಗಿ ಒಂದೆರಡು ಅಂಶ ಸಿಕ್ಕಿವೆ, ಅವನ್ನೂ ಬರೆದಿಟ್ಟುಕೊಂಡಿದ್ದೇನೆ.